12 ತುಂಡು ಮಾಂಸ

ಇವತ್ತು ನವೆಂಬರ್ 7. ನಾಗಾಲ್ಯಾಂಡಿನ ವೋಖಾ ಜಿಲ್ಲೆಯ ಲೋಥಾ ಅನ್ನೋ ನಾಗಾ ಬುಡಕಟ್ಟಿನ ಊರುಗಳಲ್ಲಿ ಟೋಖು ಎಮೊಂಗ್. ಕೊಯ್ಲು ಮುಗಿದು ಭತ್ತ ಕಣಜ ಸೇರಿದ ಮೇಲಿನ ಹಬ್ಬ. ಬೆಳಿಗ್ಗೆಯಿಂದ ಅದೇ ಗುಂಗಲ್ಲಿದೀನಿ.

ಹಳೇ ಪದ್ಧತಿಯಲ್ಲಿ ಊರ ಪೂಜಾರಿ ಸಹಾಯಕರ ಜೊತೆ ಮನೆಮನೆಗೂ ಹೋಗ್ತಿದ್ದ. ಕೊಟ್ಟ ಭತ್ತದಲ್ಲಿ ಒಂದು ಹಿಡಿ ಕೈಯಲ್ಲಿ ಹಿಡಿದು ಪ್ರಾರ್ಥನೆ ಮಾಡಿ, ಆಮೇಲೆ ಬುಟ್ಟಿಗೆ ಹಾಕ್ತಿದ್ದ. ಅದರಲ್ಲಿ ಒಂದು ಪಾಲು ಕೊಟ್ಟು ಹಂದಿ ತಂದು, ಕಡಿದು, ಎಲ್ಲ ಮನೆಗೂ ಹಂಚೋರು. ಆ ಹೊತ್ತಿಗೆ ಊರಲ್ಲಿದ್ದ ಪರಸ್ಥಳದವರಿಗೆ ಎರಡೇ ದಾರಿ. ಸೂರ್ಯ ಮುಳುಗೋದ್ರೊಳಗೆ ಊರಿನ ಗಡಿ ದಾಟಬೇಕು, ಇಲ್ಲಾ ಹಬ್ಬ ಮುಗಿಯೋವರೆಗೂ ಅಲ್ಲೇ ಉಳೀಬೇಕು. ನಾನಾಗಿದ್ರೆ ಖಂಡಿತ ಉಳೀತಿದ್ದೆ.

ಗೆಳೆಯರು ಬೇಯಿಸಿದ ಮಾಂಸ ಕೊಟ್ಟು ತಗೊಳ್ತಾರೆ. 12 ತುಂಡು ಕೊಟ್ಟರೆ ಗಾಢವಾದ ಸ್ನೇಹ ಅಂತ. ಆ ಕಡೆಯಿಂದಲೂ 12 ಬಂದ್ರೆ ಇಬ್ಬರೂ ಕಷ್ಟಸುಖದಲ್ಲಿ ಜೊತೆಗೆ ನಿಲ್ಲಬೇಕು. ಎಣಿಸಿ ಕೊಟ್ಟಿದ್ದರಲ್ಲೂ ಎಷ್ಟು ಪ್ರೀತಿ!

ನಿಶ್ಚಯವಾದ ಜೋಡಿಗಳ ಮದುವೆಯೂ ಈ ಹಬ್ಬ ಕಳೆದ ಮೇಲೇ. ಆದರೆ ನನ್ನ ಮನಸ್ಸು ನಿಂತಿದ್ದು ಬೇರೆ ಕಡೆ. ಆ ವರ್ಷ ಸಾವು ಕಂಡ ಮನೆಯವರು, ತೀರಿಕೊಂಡವರ ಕೊನೆಯ ವಿಧಿಗಳನ್ನ ಮಾಡ್ತಿದ್ದದ್ದೂ ಇದೇ ಹಬ್ಬದಲ್ಲಿ. ಬಿತ್ತುವಾಗ ಜೊತೆಗಿದ್ದು, ಉಣ್ಣೋ ಹೊತ್ತಿಗೆ ಇಲ್ಲದವರನ್ನೂ ಕರೆದು ಕೂರಿಸಿದ ಹಾಗೆ ಅನ್ನಿಸ್ತು. ನಮ್ಮಪ್ಪ ನೆನಪಾದ್ರು.

ಈಗ ಲೋಥಾ ಜನ ಬಹುಪಾಲು ಕ್ರೈಸ್ತರು, ಹಬ್ಬ ಮಾತ್ರ ನಿಂತಿಲ್ಲ.

ಸಂಜೆ ಐದಾಯ್ತು. ಇಲ್ಲಿನ್ನೂ ಬಿಸಿಲಿದೆ. ವೋಖಾದಲ್ಲಿ ಆಗಲೇ ಸೂರ್ಯ ಮುಳುಗಿರ್ತಾನೆ.