ಹೆಚ್ಚಿಟ್ಟ ಕರ್ಬೂಜ ಮರುದಿನ ಸಪ್ಪೆಯಾಗುವುದೇಕೆ?

ಹೆಚ್ಚಿಟ್ಟ ಕರ್ಬೂಜದ ಹೋಳು ಮರುದಿನ ಸಪ್ಪೆಯೆನಿಸಿದರೆ, ಅದರ ಸಿಹಿ ಇಳಿದಿದೆಯೆಂದು ಭಾವಿಸುವವರೇ ಹೆಚ್ಚು. ವಾಸ್ತವದಲ್ಲಿ ಫ್ರಿಜ್ಜಿನಲ್ಲಿ ಒಂದು ದಿನ ಕಳೆದ ಹೋಳಿನಲ್ಲಿ ಸಕ್ಕರೆ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಮೊದಲು ಕುಂದುವುದು ಪರಿಮಳ. ಈ ಹಣ್ಣಿನ ಘಮಕ್ಕೆ ಮುಖ್ಯ ಕಾರಣ ಸುಲಭವಾಗಿ ಆವಿಯಾಗುವ ರಾಸಾಯನಿಕಗಳಾದ ಎಸ್ಟರ್‌ಗಳು. ಚಾಕು ತಗುಲಿದೊಡನೆ ಜೀವಕೋಶಗಳು ಒಡೆದು, ಅದುವರೆಗೆ ಬೇರೆಬೇರೆಯಾಗಿದ್ದ ಕಿಣ್ವಗಳೂ ರಸವೂ ಒಂದಾಗಿ, ಆ ಎಸ್ಟರ್‌ಗಳ ಪ್ರಮಾಣ ಏರುಪೇರಾಗತೊಡಗುತ್ತದೆ.

ಆದುದರಿಂದ ಎಷ್ಟು ಕಡಿಮೆ ಕೋಶಗಳು ಒಡೆಯುತ್ತವೆಯೋ ರುಚಿ ಅಷ್ಟು ಉಳಿಯುತ್ತದೆ. ಮೊಂಡು ಚಾಕು ಹಣ್ಣನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಜಜ್ಜುತ್ತದೆ. ಹಾಗೆ ಜಜ್ಜಿದ ಹೋಳುಗಳು ರಸ ಬಿಟ್ಟು, ನೀರು ಹೀರಿದಂತೆ ಅರೆಪಾರದರ್ಶಕವಾಗುತ್ತವೆ. ಹರಿತವಾದ ಚಾಕು, ದೊಡ್ಡ ಹೋಳುಗಳು, ಗಾಳಿಯಾಡದ ಮುಚ್ಚಳದ ಡಬ್ಬಿ, ಇಷ್ಟಿದ್ದರೆ ಅರ್ಧ ಕೆಲಸ ಮುಗಿಯಿತು. ಡಬ್ಬಿಯ ತಳದಲ್ಲಿ ರಸ ನಿಂತರೆ ಹೋಳುಗಳು ಬೇಗ ಮೆತ್ತಗಾಗುವುದರಿಂದ ಅದನ್ನು ಬಸಿದುಬಿಡಬೇಕು. ಸಕ್ಕರೆಯನ್ನಾಗಲಿ ಉಪ್ಪನ್ನಾಗಲಿ ಮೊದಲೇ ಉದುರಿಸಿಡುವುದು ನನಗೆ ಸರಿಕಾಣದು. ಅವೆರಡೂ ಹೋಳಿನ ನೀರನ್ನು ಹೊರಗೆಳೆಯುತ್ತವೆ. ಬಳ್ಳಿಯಲ್ಲಿರುವಾಗಲೇ ಸಿಹಿಗೂಡಿದ ಹಣ್ಣನ್ನು ಆರಿಸಬೇಕೆಂಬುದೂ ಇಲ್ಲಿ ಮುಖ್ಯ: ಕರ್ಬೂಜದಲ್ಲಿ ಸಕ್ಕರೆಯಾಗಿ ಮಾರ್ಪಡಬಲ್ಲ ಪಿಷ್ಟದ ಸಂಗ್ರಹವಿಲ್ಲದ ಕಾರಣ, ಕಿತ್ತ ಮೇಲೆ ಅದು ಮೆತ್ತಗಾದೀತು, ಘಮಘಮಿಸೀತು, ಆದರೆ ಸಿಹಿ ಹೆಚ್ಚದು.

ಸುರಕ್ಷತೆಯ ಪ್ರಶ್ನೆ ರುಚಿಯದಕ್ಕಿಂತ ಗಂಭೀರವಾದದ್ದು. ಬಹುತೇಕ ಹಣ್ಣುಗಳಿಗೆ ಹುಳಿಯೇ ರಕ್ಷಣೆ. ಕರ್ಬೂಜದ ಪಿಎಚ್ (ಹುಳಿಯ ಅಳತೆ; ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸುಮಾರು 6ರ ಮೇಲಿರುವುದರಿಂದ ಅದಕ್ಕೆ ಆ ರಕ್ಷಣೆಯಿಲ್ಲ. ಬಲೆಯಂತಹ ಒರಟು ಸಿಪ್ಪೆಯಲ್ಲಿ ಅಡಗಿದ ಸೂಕ್ಷ್ಮಜೀವಿಗಳನ್ನು ಚಾಕುವೇ ತಿರುಳಿಗೆ ಒಯ್ಯುತ್ತದೆ. 2011ರಲ್ಲಿ ಅಮೆರಿಕದಲ್ಲಿ ಕರ್ಬೂಜದ ಮೂಲಕ ಹರಡಿದ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು 33 ಜನರ ಪ್ರಾಣ ತೆಗೆದುಕೊಂಡಿತು. ಆದ್ದರಿಂದ ಸಿಪ್ಪೆ ಹೇಗೂ ಎಸೆಯುವುದಲ್ಲವೇ ಎಂದುಕೊಳ್ಳದೆ, ಇಡೀ ಹಣ್ಣನ್ನು ಹರಿಯುವ ನೀರಿನಲ್ಲಿ ಬ್ರಷ್‌ನಿಂದ ಉಜ್ಜಿ, ಒರೆಸಿ ಒಣಗಿಸಿದ ಮೇಲೆಯೇ ಕತ್ತರಿಸಬೇಕು. ಹೆಚ್ಚಿದ್ದನ್ನು ಎರಡು ಗಂಟೆಯೊಳಗೆ 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ತಾಪಕ್ಕೆ ಸೇರಿಸಬೇಕು. ಲಿಸ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ನಿಧಾನವಾಗಿ ಬೆಳೆಯಬಲ್ಲದು. ನೋಟಕ್ಕೂ ವಾಸನೆಗೂ ಚೆನ್ನಾಗಿದೆಯೆಂಬ ಒಂದೇ ಕಾರಣಕ್ಕೆ ಹೋಳುಗಳನ್ನು ದಿನಗಟ್ಟಲೆ ಇಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಮಾರಾಟಕ್ಕೆ ಸಿದ್ಧಪಡಿಸುವವರು ಹೋಳುಗಳನ್ನು ಕ್ಯಾಲ್ಸಿಯಂ ಲವಣದ ದ್ರಾವಣದಲ್ಲಿ ಅದ್ದಿ ಗಟ್ಟಿತನ ಕಾಪಾಡುವುದುಂಟು, ಡಬ್ಬಿಯೊಳಗಿನ ಆಮ್ಲಜನಕ ತಗ್ಗಿಸುವುದೂ ಉಂಟು. ಮನೆಯಲ್ಲಿ ಅದಾವುದೂ ಬೇಕಿಲ್ಲ. ಒಂದು ಹೊತ್ತಿಗೆ ಬೇಕಾದಷ್ಟನ್ನೇ ಹೆಚ್ಚಿ, ಉಳಿದ ಭಾಗವನ್ನು ಸಿಪ್ಪೆಸಹಿತ ಬಿಗಿಯಾಗಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಸಾಕು. ಫ್ರೀಜರಿನಲ್ಲಿಟ್ಟರೆ ಹಿಮದ ಹರಳುಗಳು ಕೋಶಗಳನ್ನು ಸೀಳಿಬಿಡುವುದರಿಂದ, ಕರಗಿದ ಮೇಲೆ ಆ ಹೋಳುಗಳು ತಿನ್ನಲು ಚೆನ್ನಾಗಿರುವುದಿಲ್ಲ, ಪಾನಕಕ್ಕೆ ಮಾತ್ರ ಒದಗುತ್ತವೆ.