ಕಾಲೇಜು ಪಂದ್ಯ ಆಡಲಾಗದ ಹುಡುಗ

ಮಧ್ಯಾಹ್ನ ಊಟ ಮಾಡ್ತಾ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯದ ತುಣುಕೊಂದು ನೋಡಿದೆ. ಬ್ರಯಾನ್ ಬೋವೆನ್ ಅನ್ನೋ ಯುವ ಆಟಗಾರ ನೆನಪಾದ.

2017ರಲ್ಲಿ ಲೂಯಿವಿಲ್ ವಿಶ್ವವಿದ್ಯಾಲಯ ಸೇರಿದ್ದ. ಅವನು ಅಲ್ಲಿಗೇ ಬರಲಿ ಅಂತ, ಆ ಕಾಲೇಜಿನ ಜೊತೆ ಶೂ ಒಪ್ಪಂದವಿದ್ದ ಅಡಿಡಾಸ್ ಕಂಪನಿ ಕಡೆಯವರು ಅವನ ಅಪ್ಪನಿಗೆ 1,00,000 ಡಾಲರ್ ಕೊಡಲು ಒಪ್ಪಿದ್ದರು. ಗುಟ್ಟಾಗಿ, ಕಂತು ಕಂತಾಗಿ, ಯಾಕಂದ್ರೆ ಹಾಗೆ ದುಡ್ಡು ಕೊಡೋದು ಕಾಲೇಜು ಕ್ರೀಡೆಯ ನಿಯಮಕ್ಕೆ ವಿರುದ್ಧವಾಗಿತ್ತು. ಎಫ್‌ಬಿಐ ಹಿಡಿಯಿತು. ಮರುವರ್ಷ ಕೋರ್ಟಲ್ಲಿ ಸಾಕ್ಷಿ ಹೇಳುವಾಗ ಅಪ್ಪ ಅತ್ತುಬಿಟ್ಟರು.

ಹುಡುಗನಿಗೆ ಕಾಲೇಜು ಪರ ಒಂದೇ ಒಂದು ಪಂದ್ಯವೂ ಸಿಗಲಿಲ್ಲ. ಆಡೋಕೆ ಆಸ್ಟ್ರೇಲಿಯಾಕ್ಕೆ ಹೋಗಬೇಕಾಯಿತು.

ಕೇಸಿನಲ್ಲಿ ಮೋಸ ಹೋದವರು ಅಂತ ತೋರಿಸಿದ್ದು ವಿಶ್ವವಿದ್ಯಾಲಯಗಳನ್ನು. ಇದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಟಿಕೆಟ್, ಟಿವಿ, ಶೂ ಒಪ್ಪಂದ, ಎಲ್ಲದರ ದುಡ್ಡೂ ಹೋಗ್ತಿದ್ದದ್ದು ಅವರಿಗೇ ಅಲ್ವಾ? ಆಡುವ ಹುಡುಗರಿಗೆ ಸಂಬಳ ಕೊಡುವ ಹಾಗೇ ಇರಲಿಲ್ಲ.

2025ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಈಗಿನ ಮಕ್ಕಳ ಬಗ್ಗೆ ನಿಜವಾಗಿ ಖುಷಿಯಿದೆ.