6174 ಮತ್ತು ಕೋಡಿಂಗ್ ಕಲಿಯುವವರ ಕುತೂಹಲ

ಪ್ರೋಗ್ರಾಮಿಂಗ್ ಕಲಿಯಲು ಆರಂಭಿಸಿದವರಲ್ಲಿ ಹಲವರು ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸೂಚನೆ), ಫಂಕ್ಷನ್‌ (ಹೆಸರಿಟ್ಟು ಬೇಕಾದಾಗ ಬಳಸುವ ಸೂಚನೆಗಳ ಗುಂಪು)ಗಳ ಹಂತಕ್ಕೆ ಬರುವಷ್ಟರಲ್ಲಿ ಉತ್ಸಾಹ ಕಳೆದುಕೊಳ್ಳುತ್ತಾರೆ. ಅವರಿಗೆ ಕೊಡುವ ಅಭ್ಯಾಸಗಳ ಉತ್ತರ ಮೊದಲೇ ಗೊತ್ತಿರುವುದು ಇದಕ್ಕೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. 1ರಿಂದ 10ರವರೆಗಿನ ಸಂಖ್ಯೆಗಳ ಮೊತ್ತ 55 ಎಂದು ಬಲ್ಲವರಿಗೆ ಅದನ್ನೇ ಸ್ಕ್ರೀನ್ ಮೇಲೆ ನೋಡುವುದರಲ್ಲಿ ಏನು ಸ್ವಾರಸ್ಯ? 3ರಿಂದ ಭಾಗವಾಗುವ ಸಂಖ್ಯೆಯ ಬದಲು ‘ಫಿಜ್’, 5ರಿಂದ ಭಾಗವಾದರೆ ‘ಬಜ್’, ಎರಡರಿಂದಲೂ ಭಾಗವಾದರೆ ‘ಫಿಜ್‌ಬಜ್’ ಎಂದು ಬರೆಸುವ, ಹೆಸರುವಾಸಿಯಾದ ಫಿಜ್‌ಬಜ್ ಅಭ್ಯಾಸ ಕೂಡ ಷರತ್ತುಗಳನ್ನು ಕಲಿಸುತ್ತದೆಯೇ ಹೊರತು, ಒಮ್ಮೆ ಬರೆದು ಮುಗಿಸಿದ ಮೇಲೆ ಮತ್ತೇನನ್ನೂ ಕೇಳುವಂತೆ ಮಾಡುವುದಿಲ್ಲ.

ನಿಯಮವನ್ನು ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಬಹುದಾದ, ಒಂದು ಉದಾಹರಣೆಯನ್ನು ಕಾಗದದ ಮೇಲೆ ಮಾಡಿ ನೋಡಬಹುದಾದ, ಆದರೆ ಪೂರ್ತಿ ಚಿತ್ರ ತಿಳಿಯಲು ಕಂಪ್ಯೂಟರ್ ಬೇಕೇ ಬೇಕೆನಿಸುವ ಒಗಟುಗಳು ನನಗೆ ಇಷ್ಟ. ಶಾಲಾ ಶಿಕ್ಷಕರಾಗಿದ್ದ ಡಿ. ಆರ್. ಕಾಪ್ರೇಕರ್ ಅವರು 1949ರಲ್ಲಿ ಗುರುತಿಸಿದ 6174ರ ಚಮತ್ಕಾರ ಅಂಥದ್ದು. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದಾದರೂ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಂಡು, ಅದರ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿ, ಅದರಿಂದ ಏರಿಕೆಯ ಕ್ರಮದಲ್ಲಿ ಜೋಡಿಸಿದ ಸಂಖ್ಯೆಯನ್ನು ಕಳೆಯಬೇಕು. ಬಂದ ಉತ್ತರಕ್ಕೂ ಹಾಗೆಯೇ ಮಾಡುತ್ತ ಹೋಗಬೇಕು. 3524ರಿಂದ ಹೊರಟರೆ 3087, 8352 ದಾಟಿ ಮೂರನೆಯ ಸಲಕ್ಕೆ 6174 ಬರುತ್ತದೆ. ಎಲ್ಲಿಂದ ಹೊರಟರೂ ಏಳು ಹಂತಗಳೊಳಗೆ ಅಲ್ಲಿಗೇ ತಲುಪುತ್ತೇವೆ.

ಇದನ್ನು ಬರೆಯುವವರು ಒಂದು ಕಡೆ ಎಡವುವುದು ಬಹುತೇಕ ಖಚಿತ, ಮತ್ತು ಆ ಎಡವುವಿಕೆಯೇ ಒಗಟಿನ ಅತ್ಯುತ್ತಮ ಭಾಗ. 2111 ಕೊಟ್ಟಾಗ ಮೊದಲ ವ್ಯವಕಲನದಲ್ಲಿ 999 ಬರುತ್ತದೆ. ಪ್ರೋಗ್ರಾಂ ಅದನ್ನು ಮೂರಂಕಿಯ ಸಂಖ್ಯೆಯೆಂದೇ ಭಾವಿಸಿದರೆ ಮುಂದಿನ ಉತ್ತರ ಸೊನ್ನೆಯಾಗಿ, 6174ಕ್ಕಾಗಿ ಕಾಯುತ್ತಿರುವ ಲೂಪ್ ಎಂದಿಗೂ ನಿಲ್ಲುವುದಿಲ್ಲ. ಅದನ್ನು 0999 ಎಂದು ಉಳಿಸಿಕೊಂಡರೆ 8991, 8082, 8532 ಆದ ಮೇಲೆ 6174 ಸಿಗುತ್ತದೆ. ಸಂಖ್ಯೆಗೂ ಅದನ್ನು ಬರೆಯುವ ಅಂಕಿಗಳ ಸಾಲಿಗೂ ಇರುವ ವ್ಯತ್ಯಾಸವನ್ನು ಇಷ್ಟು ಚೆನ್ನಾಗಿ ಮನದಟ್ಟು ಮಾಡಿಸುವ ಪಾಠವನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಕೊಲಾಟ್ಜ್ ಸರಣಿಯೂ ಹೀಗೆಯೇ ಕೆಲಸಕ್ಕೆ ಬರುತ್ತದೆ. ಸಮ ಸಂಖ್ಯೆಯಾದರೆ ಅರ್ಧ ಮಾಡಿ, ಬೆಸವಾದರೆ ಮೂರರಿಂದ ಗುಣಿಸಿ ಒಂದು ಕೂಡಿಸಿ ಎಂಬುದಷ್ಟೇ ಅದರ ನಿಯಮ. 26 ಹತ್ತೇ ಹಂತಗಳಲ್ಲಿ 1ಕ್ಕೆ ಇಳಿದರೆ, ಪಕ್ಕದ 27 ಮಾತ್ರ 9232ರವರೆಗೆ ಏರಿ, ಒಟ್ಟು 111 ಹಂತಗಳ ನಂತರ 1ಕ್ಕೆ ಇಳಿಯುತ್ತದೆ. ಇದನ್ನು ನೋಡಿದವರು ಯಾರೂ ಹೇಳಿಕೊಡದೆಯೇ 28, 29ನ್ನು ಕೊಟ್ಟು ನೋಡುತ್ತಾರೆ.

ಮತ್ತೆ ಕಾಪ್ರೇಕರ್ ಅವರ ಒಗಟಿಗೆ ಬಂದರೆ, ಮೂರಂಕಿಗಳಲ್ಲಿ ಅದು 495ರಲ್ಲಿ ನಿಲ್ಲುತ್ತದೆ. ಎರಡಂಕಿಗಳಲ್ಲಿ ನಿಲ್ಲುವುದೇ ಇಲ್ಲ: 9, 81, 63, 27, 45, ಪುನಃ 9 ಎಂದು ಸುತ್ತುತ್ತಲೇ ಇರುತ್ತದೆ. ಹಿಂದೆ ಬಂದ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಲು ಒಂದು ಲಿಸ್ಟ್ ಬೇಕೆಂಬುದು ಕಲಿಯುವವರಿಗೆ ಇಲ್ಲಿ ತಾನಾಗಿಯೇ ಹೊಳೆಯುತ್ತದೆ. ಐದಂಕಿಗಳಲ್ಲಿ ಏನಾಗುತ್ತದೆಂಬುದನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಅದೇ ಪ್ರೋಗ್ರಾಂನಲ್ಲಿ ಒಂದೆರಡು ಸಾಲು ಬದಲಿಸಿದರೆ ಗೊತ್ತಾಗುತ್ತದೆ.